ಆಚೆ ಕೂರಿಸುವ ಕಾಯ್ದೆ

ಎರಡು ವರ್ಷದ ಹಿಂದೆ ಒಟ್ಟಾವಾದಲ್ಲಿ ಮಗಳ ಮನೆಯಲ್ಲಿದ್ದೆ. ಮೊಮ್ಮಗಳು ಸಾಕರ್ ಕ್ಲಬ್ಬಿನಿಂದ ತಂದ ಕಾಗದವೊಂದು ಅಡುಗೆಕಟ್ಟೆಯ ಮೇಲೆ ಮೂರು ದಿನದಿಂದ ಬಿದ್ದಿತ್ತು, ಮೂಲೆಯಲ್ಲಿ ಸಾರಿನ ಕಲೆ ಬೇರೆ. ‘ಅಪ್ಪಾ, ನೀವು ಪಿ.ಟಿ. ಮೇಷ್ಟ್ರಾಗಿದ್ದೋರು, ಒಂದ್ಸಲ ಓದಿ ನೋಡಿ, ಆಮೇಲೆ ಸಹಿ ಹಾಕ್ತೀನಿ’ ಎಂದಳು ಮಗಳು. ಆಟದಲ್ಲಿ ತಲೆಗೆ ಏಟು ಬಿದ್ದರೆ ಏನು ಮಾಡಬೇಕೆಂಬ ಹಾಳೆ ಅದು. ಓದಿದ್ದೇವೆಂದು ಮಗುವೂ ಹೆತ್ತವರೂ ವರ್ಷ ವರ್ಷ ಒಪ್ಪಿ ಹೇಳದಿದ್ದರೆ ಒಂಟಾರಿಯೋದಲ್ಲಿ ಮಗುವನ್ನು ತಂಡಕ್ಕೆ ಸೇರಿಸಿಕೊಳ್ಳುವಂತಿಲ್ಲ. ಕಾಯ್ದೆಯ ಹೆಸರು ರೋವನ್ಸ್ ಲಾ. ಯಾರು ಈ ರೋವನ್ ಅಂದೆ. ‘ಇದೇ ಊರಿನ ಹುಡುಗಿ ಅಪ್ಪಾ.’

ರೋವನ್ ಸ್ಟ್ರಿಂಗರ್‌ಗೆ ಆಗ 17 ವರ್ಷ. ಶಾಲೆಯ ಹುಡುಗಿಯರ ರಗ್ಬಿ ತಂಡದ ನಾಯಕಿ. 2013ರ ಮೇ ತಿಂಗಳಲ್ಲಿ ಒಂದು ವಾರದೊಳಗೆ ಮೂರು ಪಂದ್ಯ. ಮೊದಲ ಎರಡರಲ್ಲೂ ತಲೆಗೆ ಪೆಟ್ಟಾಯಿತು. ತಲೆ ನೋಯುತ್ತಿದೆ ಎಂದು ಗೆಳತಿಯರಿಗೆ ಮೆಸೇಜ್ ಮಾಡಿದಳು. ಏಟಿಗೆ ಮಿದುಳು ಕದಡುವ ಕನ್ಕಷನ್ ಅಂದರೇನೆಂದು ಇಂಟರ್ನೆಟ್ಟಿನಲ್ಲಿ ಹುಡುಕಿಯೂ ನೋಡಿದಳು. ಮನೆಯಲ್ಲಿ ಮಾತ್ರ ಬಾಯಿಬಿಡಲಿಲ್ಲ. ಮೇ 8ರ ಪಂದ್ಯದಲ್ಲಿ ಎದುರಾಳಿ ಹಿಡಿದು ಕೆಡವಿದಾಗ ತಲೆ ನೆಲಕ್ಕೆ ಬಡಿಯಿತು. ಎದ್ದು ಕೂತಳು, ಕೂತವಳು ಹಾಗೇ ಕುಸಿದಳು. ನಾಲ್ಕು ದಿನದ ಮೇಲೆ ತೀರಿಕೊಂಡಳು.

ವೈದ್ಯರು ಇದಕ್ಕೆ ಸೆಕೆಂಡ್ ಇಂಪ್ಯಾಕ್ಟ್ ಸಿಂಡ್ರೋಮ್ ಎನ್ನುತ್ತಾರೆ. ಹೆಸರು ಬಂದದ್ದು 1984ರಲ್ಲಿ. ಮೊದಲ ಏಟಿಗೆ ಕದಡಿದ ಮಿದುಳು ಸುಧಾರಿಸಿಕೊಳ್ಳುವ ಮುಂಚೆ ಇನ್ನೊಂದು ಏಟು ಬಿದ್ದರೆ, ಅದು ಸಣ್ಣದೇ ಆಗಿರಲಿ, ರಕ್ತದ ಹರಿವಿನ ಮೇಲೆ ಮಿದುಳಿಗೆ ಹಿಡಿತ ತಪ್ಪುತ್ತದೆ. ನಿಮಿಷಗಳಲ್ಲಿ ಊದಿಕೊಳ್ಳುತ್ತದೆ. ಅಪರೂಪ, ಆದರೆ ಆಗುವುದು ಬಹುಪಾಲು ಎಳೆಯರಿಗೇ. ಬರಿಯ ಕನ್ಕಷನ್ ಆದರೆ ಸ್ಕ್ಯಾನಿನಲ್ಲೂ ಸಾಮಾನ್ಯವಾಗಿ ಏನೂ ಕಾಣದು. ರಕ್ತ ಬರದ ಗಾಯವನ್ನು ನಾವು ಗಾಯವೆಂದು ಎಣಿಸಿದವರೇ ಅಲ್ಲ.

ಈ ಹಾಳೆಯ ಬೇರು ಇರುವುದು ಪಕ್ಕದ ಅಮೆರಿಕದಲ್ಲಿ. 2006ರ ಅಕ್ಟೋಬರ್, ವಾಷಿಂಗ್ಟನ್ ರಾಜ್ಯದ ಮೇಪಲ್ ವ್ಯಾಲಿ. 13ರ ಹುಡುಗ ಝ್ಯಾಕರಿ ಲಿಸ್ಟೆಡ್ ಅಮೆರಿಕನ್ ಫುಟ್‌ಬಾಲ್ ಆಡುತ್ತ ಬಿದ್ದು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ಇಳಿಸಿದರು. ಆಟ ಮುಗಿಯುತ್ತಿದ್ದಂತೆ ಕುಸಿದ. ಹೆಲಿಕಾಪ್ಟರಿನಲ್ಲಿ ಸಿಯಾಟಲ್‌ಗೆ ಒಯ್ದು, ಒತ್ತಡ ಇಳಿಸಲು ತಲೆಬುರುಡೆಯ ಎರಡೂ ಬದಿಯ ಮೂಳೆ ತೆಗೆದರು. ಬದುಕಿದ. ಒಂದು ಮಾತು ಹೊರಡಲು ಒಂಬತ್ತು ತಿಂಗಳು ಹಿಡಿಯಿತು. 2009ರ ಮೇ ತಿಂಗಳಲ್ಲಿ ಗವರ್ನರ್ ಕ್ರಿಸ್ಟೀನ್ ಗ್ರೆಗೊಯರ್ ಸಹಿ ಹಾಕಿದ ಕಾಯ್ದೆಗೆ ಆ ಹುಡುಗನದೇ ಹೆಸರು. ಅನುಮಾನ ಬಂದರೆ ಸಾಕು, ಮಗುವನ್ನು ಆಚೆ ಕೂರಿಸಬೇಕು. ತರಬೇತಾದ ವೈದ್ಯಕೀಯದವರು ಬರೆದುಕೊಡುವ ತನಕ ಮತ್ತೆ ಇಳಿಸಕೂಡದು. ಅಪ್ಪ ಅಮ್ಮ ವರ್ಷಕ್ಕೊಮ್ಮೆ ಮಾಹಿತಿ ಓದಿ ಸಹಿ ಹಾಕಬೇಕು. ಐದು ವರ್ಷ ತುಂಬುವ ಮೊದಲೇ ಐವತ್ತೂ ರಾಜ್ಯಗಳಲ್ಲಿ ಇಂಥ ಕಾಯ್ದೆ ಬಂದವು. ಮಿಸಿಸಿಪ್ಪಿ ಎಲ್ಲರಿಗಿಂತ ಕೊನೆಗೆ.

ಕೆನಡಾ ಇನ್ನೂ ತಡ. ರೋವನ್ ಸಾವಿನ ವಿಚಾರಣೆ ನಡೆಸಿದ ಜ್ಯೂರಿ 2015ರಲ್ಲಿ 49 ಶಿಫಾರಸು ಮಾಡಿತು. ಶಾಸಕಿ ಲೀಸಾ ಮೆಕ್ಲೌಡ್ ವಿರೋಧ ಪಕ್ಷದ ಸಾಲಿನಿಂದ ಮಸೂದೆ ತಂದರು, ಬೇರೆ ಪಕ್ಷಗಳ ಶಾಸಕರೂ ಜೊತೆಗೆ ನಿಂತರು. 2016ರಲ್ಲಿ ಸಲಹಾ ಸಮಿತಿ, 2018ರ ಮಾರ್ಚಿನಲ್ಲಿ ಪೂರ್ಣ ಕಾಯ್ದೆ, 2019ರ ಜುಲೈನಿಂದ ಕ್ಲಬ್ಬುಗಳಲ್ಲಿ ಜಾರಿ. ಶಾಲೆಗಳಿಗೂ ಹೀಗೇ ನಿಯಮವಿದೆ. ನನಗೆ ಹಿಡಿಸಿದ್ದು ಪಾಠಕ್ಕೆ ಮರಳುವ ಕ್ರಮ: ಒಂದೆರಡು ದಿನ ವಿಶ್ರಾಂತಿ, ಆಮೇಲೆ ಮನೆಯಲ್ಲೇ ಸ್ವಲ್ಪ ಓದು, ಆಮೇಲೆ ಅರ್ಧ ದಿನ ಶಾಲೆ. ತಲೆಗೆ ಏಟು ಬಿದ್ದ ಹುಡುಗನಿಗೆ ಲೆಕ್ಕದ ಪುಸ್ತಕವೂ ಭಾರ ಎನ್ನುವುದು ನಮ್ಮ ಯಾವ ಸ್ಟಾಫ್ ರೂಮಿನಲ್ಲೂ ಮಾತಿಗೆ ಬಂದದ್ದಿಲ್ಲ.

ಹಾಳೆಯನ್ನು ಎರಡು ಸಲ ಓದಿದೆ. ‘ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು’ ಎಂಬ ಲಕ್ಷಣದ ಹತ್ತಿರ ಬೆರಳು ನಿಂತಿತು.

1994ರಲ್ಲಿ ತಾಲ್ಲೂಕು ಮಟ್ಟದ ಕಬಡ್ಡಿ ಫೈನಲ್. ನಮ್ಮ ಹುಡುಗ ಎದುರಾಳಿಯ ಕಾಲು ಹಿಡಿಯಲು ಬಗ್ಗಿದ, ಅವನ ಮಂಡಿ ಇವನ ಕಪಾಲಕ್ಕೆ ಬಡಿಯಿತು. ಅಂಕಣದ ಸುಣ್ಣದ ಗೆರೆಯ ಮೇಲೆ ಅಂಗಾತ ಬಿದ್ದ. ಮುಖಕ್ಕೆ ನೀರು ಚಿಮುಕಿಸಿದೆ, ಗೋಲಿ ಸೋಡಾ ಕುಡಿಸಿದೆ. ‘ಆಗುತ್ತೇನೋ?’ ಅಂದೆ. ‘ಆಗುತ್ತೆ ಸಾ’ ಅಂದ. ಹದಿನಾಲ್ಕರ ಹುಡುಗ, ಮೇಷ್ಟ್ರು ಕೇಳಿದರೆ ಇನ್ನೇನು ಹೇಳಿಯಾನು? ದ್ವಿತೀಯಾರ್ಧಕ್ಕೆ ಇಳಿಸಿದೆ. ಕೊನೆಯ ರೇಡಿನಲ್ಲಿ ಎರಡು ಪಾಯಿಂಟ್ ತಂದ. ಶೀಲ್ಡ್ ನಮ್ಮದಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ‘ಯಾರು ಗೆದ್ದಿದ್ದು ಸಾ?’ ಎಂದು ಮೂರು ಸಲ ಕೇಳಿದ. ಇಡೀ ಬಸ್ಸು ನಕ್ಕಿತು, ನಾನೂ ನಕ್ಕೆ.

ಪುಣ್ಯಕ್ಕೆ ಅವನಿಗೆ ಏನೂ ಆಗಲಿಲ್ಲ. ಈಗ ಕೊಬ್ಬರಿ ಮಂಡಿ ಇಟ್ಟಿದ್ದಾನೆ. ಊರಿಗೆ ಬಂದವನೇ ಹೋಗಿ ಕೂತೆ. ಟೀ ತರಿಸಿದ, ಎಂದಿನಂತೆ ಆ ಕೊನೆಯ ರೇಡಿನ ಕಥೆ ತೆಗೆದು ಮಂಡಿಯ ಹುಡುಗರಿಗೆ ಹೇಳತೊಡಗಿದ. ಅವರು ಮೂಟೆ ಹೊರಲು ಎದ್ದುಹೋದ ಮೇಲೆ, ಅದೆಲ್ಲ ನಿನಗೆ ನೆನಪಿದೆಯೇನೋ ಅಂದೆ.

‘ಇಲ್ಲ ಸಾ’ ಅಂದ. ‘ಸೋಡಾ ಕುಡಿದಿದ್ದು ನೆನಪಿದೆ. ಮಿಕ್ಕಿದ್ದೆಲ್ಲ ನೀವು ಅವತ್ತು ಹೇಳಿದ್ದೇ.’