ಬಸದಿಶಾಸನಗಳಲ್ಲಿ ಪ್ರತಿಗ್ರಾಹಕನ ಸ್ಥಾನ

ಹುಬ್ಬಳ್ಳಿಯ ವಿದ್ಯಾನಗರದಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರು ದೂರದ ಲಕ್ಕುಂಡಿಯಲ್ಲಿ ದೊರೆತ ಬಸದಿಶಾಸನವು ಶಕ 929ನೆಯ ಪ್ಲವಂಗ ಸಂವತ್ಸರಕ್ಕೆ, ಎಂದರೆ ಕ್ರಿ.ಶ. 1007ಕ್ಕೆ ಸೇರಿದುದು. ದಾನಚಿಂತಾಮಣಿ ಅತ್ತಿಮಬ್ಬೆಯ ಚರಿತೆಗೆ ಅದು ಮುಖ್ಯ ಆಧಾರವೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಆದರೆ ಆಕೆಯ ಮಹಿಮಾವರ್ಣನೆಗೆ ಸಂದ ಲಕ್ಷ್ಯವು ಶಾಸನದ ದತ್ತಿಭಾಗಕ್ಕೆ ಸಂದಿಲ್ಲ. ಚಾಲುಕ್ಯ ಸತ್ಯಾಶ್ರಯನ ಆಳ್ವಿಕೆಯಲ್ಲಿ ಜಿನಾಲಯವನ್ನು ಮಾಡಿಸಿದ ಆಕೆ, ದತ್ತಿಯನ್ನು ಸೂರಸ್ಥಗಣದ ಕೌರೂರಗಚ್ಛಕ್ಕೆ ಸೇರಿದ ಅರ್ಹಣಂದಿ ಪಂಡಿತರಿಗೆ ಒಪ್ಪಿಸಿದಳು. ಕಟ್ಟಿಸಿದವಳು ಬೇರೆ, ಪಡೆದವರು ಬೇರೆ.

ಈ ಭೇದವು ಸಹಜವೆಂದು ನಮಗೆ ತೋರುತ್ತದೆ; ಎಲ್ಲೆಡೆಯೂ ಹಾಗಿರಲಿಲ್ಲ. ಇಂದಿನ ತುರ್ಕಿಯ ದಕ್ಷಿಣಭಾಗದಲ್ಲಿದ್ದ ಪೆರ್ಗೆ ಎಂಬ ಗ್ರೀಕ್ ನಗರವು ರೋಮ್ ಸಾಮ್ರಾಜ್ಯಕ್ಕೆ ಅಧೀನವಾಗಿತ್ತು. ಕ್ರಿ.ಶ. 120ರ ಸುಮಾರಿಗೆ, ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಪ್ಲಾಂಕಿಯಾ ಮಾಗ್ನಾ ಎಂಬ ಕುಲೀನೆ ಅಲ್ಲಿಯ ಮಹಾದ್ವಾರವನ್ನು ನವೀಕರಿಸಿ, ಚಕ್ರವರ್ತಿಕುಲದವರ ಪ್ರತಿಮೆಗಳನ್ನು ನಿಲ್ಲಿಸಿ, ಪೀಠಗಳ ಮೇಲೆ ಲ್ಯಾಟಿನ್ ಹಾಗೂ ಗ್ರೀಕ್ ಭಾಷೆಗಳಲ್ಲಿ ಲೇಖಗಳನ್ನು ಕೆತ್ತಿಸಿದಳು. ಆರ್ಟೆಮಿಸ್ ದೇವತೆಯ ಅರ್ಚಕಿಯೂ ಆಕೆಯೇ, ನಗರದ ಉನ್ನತ ಅಧಿಕಾರಿಯೂ ಆಕೆಯೇ. ಅಲ್ಲಿಯ ಅರ್ಚಕತ್ವವು ದೀಕ್ಷೆಯಲ್ಲ, ಪೌರಗೌರವ. ಏಷ್ಯಾ ಮೈನರಿನ ಕೆಲವು ನಗರಗಳಲ್ಲಿ ಅದನ್ನು ದ್ರವ್ಯ ತೆತ್ತು ಕೊಳ್ಳುತ್ತಿದ್ದುದೂ ಉಂಟು! ಹೀಗಾಗಿ ನಿರ್ಮಾತೃವಿನ ಬಿರುದುಗಳಲ್ಲಿಯೇ ಅರ್ಚಕಪದವಿಯೂ ಅಡಗುತ್ತದೆ.

ಅತ್ತಿಮಬ್ಬೆಗೆ ಸಂಪತ್ತಿನಲ್ಲಾಗಲಿ ರಾಜಮನ್ನಣೆಯಲ್ಲಾಗಲಿ ಕೊರತೆಯಿರಲಿಲ್ಲ. ಆದರೂ ಆಕೆ ಶ್ರಾವಕಿಯಾಗಿಯೇ ಉಳಿಯುತ್ತಾಳೆ. ಅರ್ಹಣಂದಿಗಳಾದರೋ ಅರ್ಚಕರಲ್ಲ, ಆಚಾರ್ಯರು. ಅಪರಿಗ್ರಹವ್ರತಿಗಳಿಗೆ ಭೂಮಿ ಸ್ವಂತವಾಗುವುದೆಂತು? ಗಣಗಚ್ಛಗಳ ಹೆಸರನ್ನು ಶಾಸನವು ಹೇಳುವುದು ಅಲಂಕಾರಕ್ಕಾಗಿ ಅಲ್ಲ. ದತ್ತಿಯು ವ್ಯಕ್ತಿಯದಾಗದೆ ಪರಂಪರೆಯದಾಗಲೆಂದೇ ಎಂದು ನನ್ನ ಅಭಿಪ್ರಾಯ.

ಹಸ್ತಪ್ರತಿಗಳ ಅಂತ್ಯಪ್ರಶಸ್ತಿಗಳಲ್ಲಿಯೂ ಇದೇ ಕ್ರಮವಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದ ಅತ್ತಿಮಬ್ಬೆಗೆ ಬಸದಿಯೂ ಓಲೆಯೂ ಒಂದೇ ದಾನಧರ್ಮದ ಎರಡು ಮುಖಗಳು. ಮೂಡಬಿದಿರೆಯ ಧವಲಾ ತಾಡಪ್ರತಿಯನ್ನು ಗಮನಿಸಬೇಕು. ದೇಮಿಯಕ್ಕನು ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಅದನ್ನು ಬರೆಯಿಸಿ, ಬನ್ನಿಕೆರೆಯ ಉತ್ತುಂಗ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಒಪ್ಪಿಸಿದಳೆಂದು ಅದರ ಪ್ರಶಸ್ತಿಯು ತಿಳಿಸುತ್ತದೆ. ಗ್ರಂಥನಾಮ, ಓಲೆಗಳ ಸಂಖ್ಯೆಗಳನ್ನು ಕೊಟ್ಟು ‘ಕೊನೆಯಲ್ಲಿ ಪ್ರಶಸ್ತಿ ಇದೆ’ ಎಂದಷ್ಟೇ ಬರೆದು ಮುಗಿಸುವ ಸೂಚೀಕಾರರು ಕಳೆಯುವುದು ಏನನ್ನೆಂಬುದು ಇಲ್ಲಿ ಕಾಣುತ್ತದೆ. ಬನ್ನಿಕೆರೆಯ ಚೈತ್ಯಾಲಯದ ಶಾಸನವು ಕ್ರಿ.ಶ. 1113ರದು, ಶುಭಚಂದ್ರರು ಸಮಾಧಿ ಹೊಂದಿದುದು ಶಕ 1045ರಲ್ಲೆಂದು, ಎಂದರೆ ಕ್ರಿ.ಶ. 1123ರಲ್ಲೆಂದು, ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಧವಲಾ ಪ್ರತಿಯ ಕಾಲವನ್ನು ಈ ಹತ್ತು ವರ್ಷಗಳ ಆಸುಪಾಸಿನಲ್ಲಿ ನಿಲ್ಲಿಸಲು ದೊರೆತ ಆಧಾರವು ಆ ಪ್ರತಿಗ್ರಾಹಕರ ಹೆಸರೇ.