ಪ್ರಾಚ್ಯ ಎಂಬ ಮಾತಿನ ಎರಡು ಅರ್ಥಗಳು

ಕನ್ನಡದ ಮೂಡಣ, ಪಡುವಣ ಎಂಬ ಶಬ್ದಗಳು ಸೂರ್ಯ ಮೂಡುವ ಮತ್ತು ಮುಳುಗುವ ಕಡೆಯನ್ನಷ್ಟೇ ಹೇಳುತ್ತವೆ. ಒಳನಾಡಿನ ಮೂಡುಬಿದಿರೆ, ಕಡಲಂಚಿನ ಪಡುಬಿದ್ರಿ ಎಂಬ ಹೆಸರುಗಳಲ್ಲಿ ಒಂದು ಊರು ಹಳೆಯದು, ಇನ್ನೊಂದು ಹೊಸದು ಎಂಬ ಸೂಚನೆಯಿಲ್ಲ. ಸಂಸ್ಕೃತದಿಂದ ಬಂದ ಶಬ್ದಗಳ ಸ್ವಭಾವ ಬೇರೆ. ಉದಯಸೂರ್ಯನಿಗೆ ಮುಖಮಾಡಿ ನಿಂತವನ ಎದುರಿಗಿರುವುದು ಪೂರ್ವ, ಬಲಕ್ಕಿರುವುದು ದಕ್ಷಿಣ, ಬೆನ್ನ ಹಿಂದಿರುವುದು ಪಶ್ಚಿಮ. ಇವುಗಳಲ್ಲಿ ಪೂರ್ವವು 'ಮೊದಲಿನದು' ಎಂದೂ ಪಶ್ಚಿಮವು 'ಆಮೇಲಿನದು' ಎಂದೂ ಕಾಲವಾಚಕಗಳಾಗಿವೆ. ಪ್ರಾಚ್ಯ ಮತ್ತು ಪ್ರಾಚೀನ ಎಂಬವು ಒಂದೇ ಮೂಲದಿಂದ ಹುಟ್ಟಿದವು. ಆದ್ದರಿಂದಲೇ 1891ರಲ್ಲಿ ಮೈಸೂರಿನಲ್ಲಿ ಸ್ಥಾಪನೆಗೊಂಡು, ಆರ್. ಶಾಮಶಾಸ್ತ್ರಿಗಳು ಅರ್ಥಶಾಸ್ತ್ರದ ಓಲೆಪ್ರತಿಯನ್ನು ಗುರುತಿಸಿದ ಪ್ರಾಚ್ಯವಿದ್ಯಾ ಸಂಶೋಧನಾಲಯದ ಹೆಸರಿನಲ್ಲಿ 'ಪ್ರಾಚ್ಯ' ಎಂದರೆ ಪೂರ್ವದೇಶದ್ದು ಎಂದಾದರೆ, 'ಪ್ರಾಚ್ಯವಸ್ತು' ಎಂಬಲ್ಲಿ ಅದೇ ಶಬ್ದಕ್ಕೆ ಪುರಾತನವಾದದ್ದು ಎಂದರ್ಥ.

ಈ ಬೆರಕೆ ನಿರಪಾಯಕಾರಿಯಲ್ಲ. ಜಗತ್ತಿನ ಇತಿಹಾಸವು ಪೂರ್ವದಲ್ಲಿ ಆರಂಭವಾಗಿ ಪಶ್ಚಿಮದತ್ತ ಸಾಗಿ ಯೂರೋಪಿನಲ್ಲಿ ಕೊನೆಮುಟ್ಟುತ್ತದೆ ಎಂದು ಜರ್ಮನ್ ತತ್ತ್ವಜ್ಞಾನಿ ಹೆಗೆಲ್ ಪ್ರತಿಪಾದಿಸಿದ. ಪೂರ್ವವೆಂದರೆ ಕಳೆದುಹೋದ ಕಾಲ, ಪಶ್ಚಿಮವೆಂದರೆ ವರ್ತಮಾನ ಎಂಬ ಈ ಗ್ರಹಿಕೆಗೆ ನಮ್ಮ ಶಬ್ದಗಳೇ ಅರಿವಿಲ್ಲದೆ ಒತ್ತಾಸೆಯಾದವು. ಇಂಥ ಪೂರ್ವವು ಯೂರೋಪಿನ ವಿದ್ವತ್ತು ಮತ್ತು ಅಧಿಕಾರ ಎರಡೂ ಸೇರಿ ಕಟ್ಟಿದ ಕಲ್ಪನೆಯೆಂದು ಎಡ್ವರ್ಡ್ ಸೈದ್ 1978ರಲ್ಲಿ ವಾದಿಸಿದ ಮೇಲೂ ಕನ್ನಡದ ಬಳಕೆ ಹೆಚ್ಚು ಬದಲಾಗಿಲ್ಲ.

ದಿಕ್ಕು ನೋಡುವವನ ನೆಲೆಯನ್ನು ಅವಲಂಬಿಸಿರುತ್ತದೆ ಎಂಬುದಕ್ಕೆ ಹ್ಯೂಯೆನ್ ತ್ಸಾಂಗನ ಬರಹಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 646ರಲ್ಲಿ ಪೂರ್ಣಗೊಂಡ ಆ ಚೀನೀ ಗ್ರಂಥದ ಶೀರ್ಷಿಕೆಯಲ್ಲಿ ಭಾರತವು 'ಪಶ್ಚಿಮದ ಪ್ರದೇಶ'ಗಳಲ್ಲಿ ಸೇರಿದೆ. ಅದರಲ್ಲಿ ವರ್ಣಿತನಾದ ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯು ಆ ಲೆಕ್ಕದಲ್ಲಿ ಪಾಶ್ಚಾತ್ಯ ದೊರೆ. ಬೌದ್ಧ ಯಾತ್ರಿಕನಿಗೆ ಜ್ಞಾನದ ಮೂಲವೇ ಪಶ್ಚಿಮದಲ್ಲಿತ್ತು.

ಕನ್ನಡದ ಪಠ್ಯಗಳು 'ಪಾಶ್ಚಾತ್ಯ ಕಾವ್ಯಮೀಮಾಂಸೆ' ಎಂಬ ಒಂದೇ ಶೀರ್ಷಿಕೆಯಡಿ ಗ್ರೀಸಿನ ಅರಿಸ್ಟಾಟಲ್‌ನನ್ನೂ ಅವನಿಗಿಂತ ಎರಡು ಸಾವಿರ ವರ್ಷ ಈಚಿನ ಇಂಗ್ಲೆಂಡಿನ ಕೋಲ್‌ರಿಜ್‌ನನ್ನೂ ಒಟ್ಟುಗೂಡಿಸುತ್ತವೆ. ಪಠ್ಯ ರಚಿಸುವವರು ಇನ್ನಾದರೂ ದಿಕ್ಕಿನ ಹೆಸರನ್ನು ಬಿಟ್ಟು ದೇಶ, ಭಾಷೆ, ಶತಮಾನಗಳನ್ನು ಹೆಸರಿಸಿ ಬರೆಯಬೇಕು.