1913ರ ಇಂಗ್ಲಿಷ್ ಮೇಷ್ಟ್ರ ಪರೀಕ್ಷೆ

1913ರಲ್ಲಿ ಲಂಡನ್ನಿನಲ್ಲಿ ಮೂವರು ಒಂದು ಪರೀಕ್ಷೆಗೆ ಕೂತರು. ಮೂವರೂ ಫೇಲಾದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ಪರೀಕ್ಷಾ ಮಂಡಳಿ ಆ ವರ್ಷ ಹೊಸದಾಗಿ ಶುರುಮಾಡಿದ್ದ 'ಸರ್ಟಿಫಿಕೇಟ್ ಆಫ್ ಪ್ರೊಫಿಷಿಯೆನ್ಸಿ ಇನ್ ಇಂಗ್ಲಿಷ್' ಅದು. ಇಂಗ್ಲಿಷ್ ಮನೆಮಾತಲ್ಲದ, ಆದರೆ ತಮ್ಮ ದೇಶದ ಶಾಲೆಗಳಲ್ಲಿ ಅದನ್ನು ಕಲಿಸಲು ಹೊರಟವರಿಗಾಗಿಯೇ ಏರ್ಪಡಿಸಿದ್ದು. ಮೂರು ಪೌಂಡ್ ಶುಲ್ಕ, ಒಟ್ಟು 12 ಗಂಟೆಯ ಪರೀಕ್ಷೆ.

ಹಾಸನದ ಕಡೆಯ ಹಳ್ಳಿ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು ನಾನು. ಆ ಹಳೆಯ ಪ್ರಶ್ನೆಪತ್ರಿಕೆಯನ್ನು ಓದಿದಾಗ, ಮೇಷ್ಟ್ರ ಕೆಲಸ ಎಷ್ಟು ಕಷ್ಟದ್ದೆಂದು ತಿಳಿದವರು ಇದನ್ನು ಬರೆದಿದ್ದಾರೆ ಅನ್ನಿಸಿತು. ಇಂಗ್ಲಿಷಿನಿಂದ ಫ್ರೆಂಚಿಗೋ ಜರ್ಮನ್ನಿಗೋ ಅನುವಾದ ಎರಡು ಗಂಟೆ. ಆ ಭಾಷೆಗಳಿಂದ ಇಂಗ್ಲಿಷಿಗೆ ಅನುವಾದ, ಜೊತೆಗೆ ವ್ಯಾಕರಣ, ಎರಡೂವರೆ ಗಂಟೆ. ಪ್ರಬಂಧಕ್ಕೆ ಎರಡು, ಸಾಹಿತ್ಯಕ್ಕೆ ಮೂರು. ಆಮೇಲೆ ಉಕ್ತಲೇಖನ, ಗಟ್ಟಿಯಾಗಿ ಓದುವುದು, ಮಾತುಕತೆ. ಇವೆಲ್ಲದರ ನಡುವೆ ಧ್ವನಿಶಾಸ್ತ್ರಕ್ಕೆಂದೇ ಒಂದೂವರೆ ಗಂಟೆಯ ಪ್ರತ್ಯೇಕ ಪತ್ರಿಕೆ.

ಪ್ರಬಂಧದ ವಿಷಯಗಳಲ್ಲಿ ಮ್ಯಾಥ್ಯೂ ಆರ್ನಾಲ್ಡ್ ಇದ್ದ, ಎಲಿಜಬೆತ್ ಕಾಲದ ಸಮುದ್ರಯಾನವಿತ್ತು, 'ಇಂಡಿಯನ್ ಮ್ಯುಟಿನಿ', ಅಂದರೆ ನಮ್ಮ 1857ರ ದಂಗೆ, ಕೂಡ ಇತ್ತು. ಹಲಗಲಿಯ ಬೇಡರು, ನರಗುಂದದ ಬಾಬಾಸಾಹೇಬ, ಸುರಪುರದ ವೆಂಕಟಪ್ಪ ನಾಯಕ ಪ್ರಾಣ ಕೊಟ್ಟ ಆ ದಿನಗಳ ಬಗ್ಗೆ ಫ್ರಾನ್ಸಿನ ಒಬ್ಬ ಮೇಷ್ಟರು ಎರಡು ಗಂಟೆ ಕೂತು ಬರೆಯಬೇಕು! ಇಂಗ್ಲಿಷ್ ಕಲಿಸುವವನು ಇಂಗ್ಲಿಷರ ಮನೆಯೊಳಗಿನ ಮಾತನ್ನೂ ಅವರ ಕಣ್ಣಿನಿಂದಲೇ ಅರಿತಿರಬೇಕು ಎಂಬ ನಿರೀಕ್ಷೆ ಅದರಲ್ಲಿದೆ. ಇದನ್ನು ನಾನು ಒಪ್ಪಲಾರೆ. ಆದರೆ ಧ್ವನಿಶಾಸ್ತ್ರದ ಪತ್ರಿಕೆಯ ವಿಷಯದಲ್ಲಿ ನಾನು ಆ ಪರೀಕ್ಷಕರ ಪರ.

ಅದರಲ್ಲೊಂದು ಪ್ರಶ್ನೆ: ಫೇರ್, ಫೇಟ್, ಫ್ಯಾಟ್, ಫಾಲ್, ಫಾರ್ ಎಂಬ ಪದಗಳ ಸ್ವರಗಳ ಸರಿಯಾದ ಉಚ್ಚಾರವನ್ನು ವಿದ್ಯಾರ್ಥಿಗೆ ಹೇಗೆ ಕಲಿಸುತ್ತೀರಿ? ನಿಮಗೆ ಉಚ್ಚರಿಸಲು ಬರುತ್ತದೆಯೇ ಎಂದಲ್ಲ, ಹೇಗೆ ಕಲಿಸುತ್ತೀರಿ ಎಂದು. ಇವನ್ನು ನಾನೀಗ ಕನ್ನಡ ಲಿಪಿಯಲ್ಲಿ ಬರೆದಾಗಲೇ ತೊಡಕು ಎದ್ದು ಕಾಣುತ್ತದೆ. ಅಲ್ಲಿ ಐದು ಸ್ವರ, ನಮ್ಮ ಬರಹದಲ್ಲಿ ಮೂರೇ. ಫೇರ್‌ಗೂ ಫೇಟ್‌ಗೂ ಒಂದೇ ಏತ್ವ, ಫಾಲ್‌ಗೂ ಫಾರ್‌ಗೂ ಒಂದೇ ದೀರ್ಘ. ನಮ್ಮ ಹುಡುಗರ ಬಾಯಲ್ಲೂ ಅಷ್ಟೇ. ಅದಕ್ಕೂ ಮೊದಲು ಆ 'ಫ' ಹೊರಡಬೇಕು. ಎಂಟನೇ ತರಗತಿಗೆ ಬರುವ ಹುಡುಗ 'ಪ್ಯಾನು' ಎನ್ನುತ್ತಾನೆ. 'ಪ್ಯಾನಲ್ಲ ಕಣೋ, ಫ್ಯಾನು' ಎಂದು ನೂರು ಸಲ ಕೂಗಿದರೂ ಆಗುವುದಿಲ್ಲ. ಅವನ ಕೈಗೊಂದು ಕನ್ನಡಿ ಕೊಡಬೇಕು. ಮೇಲಿನ ಹಲ್ಲನ್ನು ಕೆಳತುಟಿಯ ಮೇಲೆ ಮೆಲ್ಲಗೆ ಊರಿಸಿ ಗಾಳಿ ಬಿಡು ಅನ್ನಬೇಕು. 'ಪ'ಕ್ಕೆ ಎರಡು ತುಟಿಯೂ ಮುಚ್ಚುತ್ತವೆ, ಇಲ್ಲಿ ಮುಚ್ಚುವುದಿಲ್ಲ. ಅದನ್ನವನು ಕಣ್ಣಾರೆ ಕಂಡ ಮೇಲೆ 'ಫ' ಬರುತ್ತದೆ. ಫಾಲ್‌ಗೆ ತುಟಿ ದುಂಡಗಾಗಬೇಕು, ಫಾರ್‌ಗೆ ದವಡೆ ಇಳಿದು ತುಟಿ ಸಡಿಲವಾಗಬೇಕು. ಇದೂ ಕನ್ನಡಿಯಲ್ಲೇ ತಿಳಿಯುತ್ತದೆ.

ಕೇಂಬ್ರಿಜ್‌ನವರಿಗೆ ಈ ಪತ್ರಿಕೆ ಸುಮ್ಮನೆ ಹೊಳೆದದ್ದಲ್ಲ. ವ್ಯಾಕರಣ ಬಾಯಿಪಾಠ ಮಾಡಿಸುವ ಬೋಧನೆಗೆ ಎದುರಾಗಿ 19ನೇ ಶತಮಾನದ ಕೊನೆಯಲ್ಲಿ ಯುರೋಪಿನಲ್ಲಿ ಭಾಷಾ ಶಿಕ್ಷಕರದ್ದೇ ಒಂದು ಚಳವಳಿ ಎದ್ದಿತ್ತು. ಇಂದು ಅಂತರರಾಷ್ಟ್ರೀಯ ಧ್ವನಿಲಿಪಿಗೆ ಹೆಸರಾದ ಸಂಘವನ್ನು 1886ರಲ್ಲಿ ಪ್ಯಾರಿಸ್ಸಿನಲ್ಲಿ ಪಾಲ್ ಪಾಸಿಯ ಮುಂದಾಳತ್ವದಲ್ಲಿ ಕಟ್ಟಿದ್ದು ಹೀಗೆ ಪಾಠ ಹೇಳುತ್ತಿದ್ದ ಮೇಷ್ಟ್ರುಗಳೇ. ಇಂಗ್ಲೆಂಡಿನಲ್ಲಿ ಹೆನ್ರಿ ಸ್ವೀಟ್ 1899ರಲ್ಲಿ ಭಾಷೆ ಕಲಿಯುವ ಬಗೆಯ ಮೇಲೆ ದೊಡ್ಡ ಪುಸ್ತಕ ಬರೆದು, ಎಲ್ಲಕ್ಕೂ ಧ್ವನಿಶಾಸ್ತ್ರವೇ ತಳಪಾಯ ಎಂದು ವಾದಿಸಿದ್ದರು. ಅವರ ಛಾಯೆಯಿರುವ ಪ್ರೊಫೆಸರ್ ಹಿಗಿನ್ಸ್ ಬರುವ ಬರ್ನಾರ್ಡ್ ಶಾ ನಾಟಕ 'ಪಿಗ್ಮೇಲಿಯನ್' ಮೊದಲು ರಂಗಕ್ಕೆ ಬಂದದ್ದೂ 1913ರಲ್ಲೇ, ಅದೂ ವಿಯೆನ್ನಾದಲ್ಲಿ, ಜರ್ಮನ್ ಭಾಷೆಯಲ್ಲಿ.

ಈ ಶಾಸ್ತ್ರಕ್ಕೆ ನಮ್ಮ ಕಡೆಯ ಬೇರೂ ಇದೆ. ಅಮೆರಿಕದ ಸಂಸ್ಕೃತ ವಿದ್ವಾಂಸ ವಿಟ್ನಿ 1862ರಲ್ಲಿ ಅಥರ್ವವೇದದ ಪ್ರಾತಿಶಾಖ್ಯವನ್ನು, ಅಂದರೆ ಅದರ ಉಚ್ಚಾರದ ನಿಯಮಗಳ ಗ್ರಂಥವನ್ನು, ಅನುವಾದದೊಂದಿಗೆ ಪ್ರಕಟಿಸಿದ್ದರು. ನಾಲಿಗೆ ಎಲ್ಲಿ ತಾಗುತ್ತದೆ, ಉಸಿರು ಎಲ್ಲಿ ತಡೆಯುತ್ತದೆ ಎಂದು ಅದರಲ್ಲಿ ಬಿಡಿಸಿಟ್ಟಿದ್ದನ್ನು ಪಶ್ಚಿಮದ ವಿದ್ವಾಂಸರು ಶ್ರದ್ಧೆಯಿಂದ ಓದಿದರು. ನಮ್ಮ ಒಂದನೇ ತರಗತಿಯ ಮಗು ಕ ವರ್ಗದಿಂದ ಪ ವರ್ಗಕ್ಕೆ ಬರುವಾಗ ಗಂಟಲಿನಿಂದ ತುಟಿಯವರೆಗೆ ನಡೆದು ಬಂದಿರುತ್ತದೆ. ಬೆಂಗಳೂರಿನಲ್ಲಿ 1963ರಲ್ಲಿ ಶುರುವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ನಾನು ತರಬೇತಿಗೆ ಹೋಗಿದ್ದಾಗ ವ್ಯಂಜನಗಳ ಪಟ್ಟಿ ನೋಡಿ ಕಂಗಾಲಾಗಿದ್ದವರಿಗೆಲ್ಲ ಇದು ತಾಲವ್ಯ, ಇದು ಓಷ್ಠ್ಯ ಎಂದ ಕೂಡಲೇ ಧೈರ್ಯ ಬಂತು. ಆದರೂ 1913ರ ಆ ಪರೀಕ್ಷೆಯಲ್ಲಿ ಕನ್ನಡ ಮಾತ್ರ ಬಲ್ಲವನಿಗೆ ಜಾಗವಿರಲಿಲ್ಲ. ಅನುವಾದಕ್ಕೆ ಇದ್ದದ್ದು ಫ್ರೆಂಚ್, ಜರ್ಮನ್ ಎರಡೇ.

ಇಷ್ಟು ಗಟ್ಟಿಯಾದ ಪರೀಕ್ಷೆಗೆ ಜನ ಬರಲಿಲ್ಲ. 1920ರ ದಶಕ ಮುಗಿಯುವ ಹೊತ್ತಿಗೂ ವರ್ಷಕ್ಕೆ ಹದಿನಾಲ್ಕು ಹದಿನೈದು ಅಭ್ಯರ್ಥಿಗಳು. ಮುಚ್ಚಿಬಿಡುವ ಮಾತು ಬಂದಾಗ ಮಂಡಳಿಯ ಸಹಾಯಕ ಕಾರ್ಯದರ್ಶಿ ಜ್ಯಾಕ್ ರೋಚ್ ಅದನ್ನು ಕೈಗೆತ್ತಿಕೊಂಡು ಉಳಿಸಿದರು. ಹೊರದೇಶಗಳಲ್ಲಿ ಕೇಂದ್ರಗಳು ತೆರೆದವು. ಸಾಹಿತ್ಯದ ಬದಲು ವಾಣಿಜ್ಯದಂಥ ವಿಷಯ ಆರಿಸಿಕೊಳ್ಳಲು ದಾರಿಯಾಯಿತು. 1932ರಲ್ಲಿ ಧ್ವನಿಶಾಸ್ತ್ರದ ಪತ್ರಿಕೆಯನ್ನು ತೆಗೆದುಹಾಕಿದರು. 1939ರಲ್ಲಿ ಕೆಳಹಂತದ ಇನ್ನೊಂದು ಪರೀಕ್ಷೆ ಬಂತು. ಯುದ್ಧದ ವರ್ಷಗಳಲ್ಲಿ ಇಂಗ್ಲೆಂಡಿಗೆ ಬಂದ ನಿರಾಶ್ರಿತರು, ಪೋಲೆಂಡಿನ ಸೈನಿಕರು ಈ ಪರೀಕ್ಷೆಗಳಿಗೆ ಕೂತರು. 1941ರಿಂದ ಬ್ರಿಟಿಷ್ ಕೌನ್ಸಿಲ್ಲೂ ಜೊತೆಗೂಡಿತು.

ರೋಚ್ ಮಾಡಿದ್ದು ತಪ್ಪು ಎನ್ನಲಾರೆ. ಊರು ಬಿಟ್ಟು ಬಂದವನಿಗೆ ಒಂದು ಸರ್ಟಿಫಿಕೇಟು ಬದುಕಿನ ದಾರಿ ತೋರಿಸಿದ್ದರೆ ಅದು ಸಣ್ಣ ಉಪಕಾರವಲ್ಲ. ಆದರೆ ಆಗಿದ್ದೇನು? ಮೇಷ್ಟ್ರಿಗಾಗಿ ಹುಟ್ಟಿದ ಪರೀಕ್ಷೆಯಿಂದ ಮೇಷ್ಟ್ರ ಕೆಲಸವೇ ಹೊರಗೆ ಹೋಯಿತು. ಇಂಗ್ಲಿಷ್ ಬಲ್ಲೆಯಾ ಎಂಬ ಪ್ರಶ್ನೆ ಉಳಿಯಿತು, ಬಾರದವನಿಗೆ ಬರುವಂತೆ ಮಾಡಬಲ್ಲೆಯಾ ಎಂಬುದು ಬಿಟ್ಟುಹೋಯಿತು. ಈ ಎರಡೂ ಒಂದೇ ಎಂಬ ಭ್ರಮೆ ಆಮೇಲೆ ಎಲ್ಲೆಡೆ ಬೇರೂರಿತು.

ನಮ್ಮ ರಾಜ್ಯದಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ 150 ಬಹು ಆಯ್ಕೆಯ ಪ್ರಶ್ನೆಗಳು. ಎರಡನೇ ಭಾಷೆಗೆ ಅದರಲ್ಲಿ 30. ಇಂಗ್ಲಿಷನ್ನು ಆ ಭಾಷೆಯಾಗಿ ಆರಿಸಿದವನು ಒಂದು ವಾಕ್ಯವನ್ನೂ ಬಾಯಿಬಿಟ್ಟು ಆಡಬೇಕಿಲ್ಲ, ಕೈಯಾರೆ ಬರೆಯಬೇಕಿಲ್ಲ. ಸರಿಯುತ್ತರದ ಗುಂಡಿ ತುಂಬಿದರೆ ಮುಗಿಯಿತು. ಅಷ್ಟು ಸಾವಿರ ಜನರನ್ನು ಒಬ್ಬೊಬ್ಬರಾಗಿ ಮಾತಾಡಿಸಲು ಸಾಧ್ಯವಿಲ್ಲ ಎಂಬ ಉತ್ತರ ಬರುತ್ತದೆ. ಅರ್ಜಿ ಹಾಕಿದವರೆಲ್ಲರನ್ನೂ ಬೇಡ, ಇಂಗ್ಲಿಷ್ ಪಾಠಕ್ಕೆಂದು ಆಯ್ಕೆಯಾದವರನ್ನಾದರೂ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ಗೆ ಕರೆಸಿ, ಮುಂದೆ ನಾಲ್ಕು ಮಕ್ಕಳನ್ನು ಕೂರಿಸಿ, ಹೊಸ ಶಬ್ದವೊಂದನ್ನು ಕಲಿಸಲು ಹೇಳಬಹುದು. ಬಾರದವರನ್ನು ಫೇಲು ಮಾಡಬೇಕಿಲ್ಲ. ಧ್ವನಿಶಾಸ್ತ್ರ ಬಲ್ಲ ಒಬ್ಬ ಹಿರಿಯರ ಕೈಕೆಳಗೆ ಕೆಲವು ವಾರ ಇಟ್ಟು, ಆಮೇಲೆ ಶಾಲೆಗೆ ಕಳಿಸಿದರಾಯಿತು.